ಮೂಳೆಗೆ ಬೇಕಾದದ್ದು ಹಾಲೋ, ಕ್ಯಾಲ್ಸಿಯಮ್ಮೋ?

(ಶಿರಸಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)

ಅಧ್ಯಕ್ಷರೇ, ಹಿರಿಯರೇ, ಅಕ್ಕ-ತಂಗಿಯರೇ, ಕುಮಟಾ-ಕಾರವಾರದಿಂದ ಘಟ್ಟ ಹತ್ತಿ ಬಂದ ಬಂಧುಗಳೇ,

ಇವತ್ತು ಜೂನ್ 1, ವಿಶ್ವ ಹಾಲು ದಿನ. ಇಂಥ ದಿನವೇ ‘ಹಾಲು ಬೇಕೇ ಬೇಕಾ?’ ಎಂಬ ವಿಷಯ ಕೊಟ್ಟಿದ್ದೀರಿ. ಕೊನೆಗೆ ಸಮಯ ಸಾಲದೆ ಹೋದೀತು, ಉತ್ತರ ಮೊದಲೇ ಹೇಳಿಬಿಡುತ್ತೇನೆ. ಹಾಲು ಕುಡಿಯದೆಯೂ ಮೂಳೆ ಗಟ್ಟಿ ಇಟ್ಟುಕೊಳ್ಳಬಹುದು. ಆದರೆ ಹಾಲು ಬಿಟ್ಟವರು ಕ್ಯಾಲ್ಸಿಯಂ ಲೆಕ್ಕ ಬಿಡುವ ಹಾಗಿಲ್ಲ. ಕುಡಿಯುವವರಿಗೂ ಲೆಕ್ಕ ತಪ್ಪಿದ್ದಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ವಯಸ್ಕರಿಗೆ ದಿನಕ್ಕೆ 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು ಎಂದು ನಿಗದಿ ಮಾಡಿತು. ಅದಕ್ಕೂ ಮುಂಚೆ 600 ಇತ್ತು. ಮೊಲೆಯೂಡಿಸುವ ತಾಯಂದಿರಿಗೆ, ಮುಟ್ಟು ನಿಂತವರಿಗೆ 1200. ಹಸುವಿನ ಹಾಲು 100 ಮಿ.ಲೀ.ಗೆ ಸುಮಾರು 120 ಮಿ.ಗ್ರಾಂ ಕೊಡುತ್ತದೆ. ದೊಡ್ಡ ಲೋಟ ಹಾಲು ಕುಡಿದರೆ 240 ಬಂತು.

‘ನಮ್ಮ ಕೊಟ್ಟಿಗೆಯಲ್ಲೇ ಆಕಳಿದೆ, ನಮಗೇನು ಕೊರತೆ?’ ಅನ್ನುತ್ತೀರಿ. ಬನ್ನಿ, ಲೆಕ್ಕ ಹಾಕುವ. ಒಂದು ಚಹಾಕ್ಕೆ ಬೀಳುವ ಹಾಲು 40 ಮಿ.ಲೀ., ಕ್ಯಾಲ್ಸಿಯಂ 50 ಮಿ.ಗ್ರಾಂ ಆಗಲಿಲ್ಲ. ಒಂದು ಪಾಲು ಮೊಸರಿಗೆ ಮೂರು ಪಾಲು ನೀರು ಬೆರೆಸಿದ ಮಜ್ಜಿಗೆ ಒಂದು ಲೋಟ ಕುಡಿದರೆ ಸಿಗುವುದು 60-70. ತಂಬುಳಿಗೆ ಹಾಕುವುದೂ ಅದೇ ನೀರು ಮಜ್ಜಿಗೆ. ತುಪ್ಪದಲ್ಲಿ ಏನೂ ಇಲ್ಲ. ಬೆಣ್ಣೆ ತೆಗೆದಾಗ ಕ್ಯಾಲ್ಸಿಯಂ ಮಜ್ಜಿಗೆಯಲ್ಲೇ ಉಳಿಯುತ್ತದೆ, ಮಕ್ಕಳ ತಟ್ಟೆಗೆ ಬೀಳುವುದು ತುಪ್ಪ! ಇನ್ನು ಅನ್ನ: 100 ಗ್ರಾಂ ಅಕ್ಕಿಯಲ್ಲಿ ಇರುವುದು 10 ಮಿ.ಗ್ರಾಂ ಆಸುಪಾಸು. ಅನ್ನ, ಸಾರು, ಎರಡು ಚಹಾ, ಒಂದು ತಂಬುಳಿ ಇಷ್ಟರಲ್ಲೇ ದಿನ ಕಳೆಯುವ ಮನೆಯಲ್ಲಿ ಎರಡು ಆಕಳಿದ್ದರೂ 300 ದಾಟುವುದು ಕಷ್ಟ.

ಹಾಗೆಂದು ಲೋಟಗಟ್ಟಲೆ ಹಾಲು ಕುಡಿದರೆ ಮೂಳೆ ಮುರಿಯುವುದೇ ಇಲ್ಲವೇ? ಇಲ್ಲಿ ಎರಡು ಅಧ್ಯಯನಗಳನ್ನು ಜೊತೆಯಲ್ಲೇ ನೋಡಬೇಕು. 2014ರಲ್ಲಿ ಸ್ವೀಡನ್ನಿನ ಒಂದು ವರದಿ ಬಂತು. ಅರವತ್ತು ಸಾವಿರಕ್ಕೂ ಹೆಚ್ಚು ಹೆಂಗಸರನ್ನು ವರ್ಷಗಟ್ಟಲೆ ಗಮನಿಸಿದ್ದರು. ದಿನಕ್ಕೆ ಮೂರು ಲೋಟ ಅಥವಾ ಅದಕ್ಕಿಂತ ಹೆಚ್ಚು ಹಾಲು ಕುಡಿದವರಲ್ಲಿ ಮೂಳೆ ಮುರಿತ ಕಡಿಮೆ ಇರಲಿಲ್ಲ, ಹೆಚ್ಚೇ ಇತ್ತು. ಹಾಲು ಬೇಡ ಎನ್ನುವವರು ಇದನ್ನೇ ಹಿಡಿದು ಕೂತರು. ಅದೇ ವರದಿಯಲ್ಲಿ ಮೊಸರು, ಚೀಸ್ ತಿಂದ ಹೆಂಗಸರಲ್ಲಿ ಮುರಿತ ಕಡಿಮೆ ಎಂದಿತ್ತು. ಅದನ್ನು ಯಾರೂ ಓದಿ ಹೇಳಲಿಲ್ಲ. ಮೂಳೆ ಸವೆದಿದೆ ಎಂಬ ಹೆದರಿಕೆಯಿಂದಲೇ ಹೆಚ್ಚು ಹಾಲು ಕುಡಿದವರೂ ಅದರಲ್ಲಿ ಇದ್ದಿರಬಹುದು. ಇಂಥ ಅಧ್ಯಯನದಲ್ಲಿ ಕಾರಣ ಯಾವುದು, ಪರಿಣಾಮ ಯಾವುದು ಎಂದು ಬಿಡಿಸುವುದು ಕಷ್ಟ. ಎಚ್ಚರದಿಂದ ಅರ್ಥೈಸಿ ಎಂದು ಬರೆದವರೇ ಹೇಳಿದ್ದರು.

2020ರಲ್ಲಿ ಬ್ರಿಟನ್ನಿನಿಂದ ಇನ್ನೊಂದು ಬಂತು, ಸುಮಾರು 55,000 ಜನರದ್ದು. ಹಾಲು, ಮೊಸರು, ಮೀನು, ಮಾಂಸ ಎಲ್ಲ ಬಿಟ್ಟವರಲ್ಲಿ ಸೊಂಟದ ಮೂಳೆ ಮುರಿತ ಮಾಂಸಾಹಾರಿಗಳಿಗಿಂತ ಎರಡು ಪಟ್ಟಿಗೂ ಹೆಚ್ಚು. ಅವರ ಊಟದಲ್ಲಿ ಸರಾಸರಿ ಕ್ಯಾಲ್ಸಿಯಂ ಕಡಿಮೆ, ಪ್ರೋಟೀನೂ ಕಡಿಮೆ, ಮೈತೂಕವೂ ಕಡಿಮೆ. ಅವನ್ನೆಲ್ಲ ಲೆಕ್ಕಕ್ಕೆ ಹಿಡಿದ ಮೇಲೂ ವ್ಯತ್ಯಾಸ ಪೂರ್ತಿ ಹೋಗಲಿಲ್ಲ. ಒಂದೇ ವರದಿ ಹಿಡಿದು ಜಗಳಕ್ಕೆ ಬಂದವರಿಗೆ ಇನ್ನೊಂದನ್ನು ತೋರಿಸಿ.

ಹಾಲು ಬಿಟ್ಟವರು ಏನು ತಿನ್ನಬೇಕು? ರಾಗಿ 100 ಗ್ರಾಂಗೆ 360 ಮಿ.ಗ್ರಾಂ. ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಒಂದೆರಡು ದಿನ ಮೊಳಕೆ ಬರಿಸಿ, ಒಣಗಿಸಿ, ಹದವಾಗಿ ಹುರಿದು ಬೀಸಿಸಿ. ಕಾಳಿನಲ್ಲಿ ಕ್ಯಾಲ್ಸಿಯಂ ಹಿಡಿದಿಡುವ ಫೈಟೇಟ್ ಎಂಬ ಅಂಶ ಮೊಳಕೆಯಲ್ಲಿ ತಗ್ಗುತ್ತದೆ, ಕ್ಯಾಲ್ಸಿಯಂ ಮೈಗೆ ಹತ್ತುತ್ತದೆ. ನಾವು ಕೆಡಿಸುವುದು ಎಲ್ಲಿ ಗೊತ್ತೇ? ಮಗುವಿಗೆ ತಿನ್ನಿಸುವ ರಾಗಿ ಮಣ್ಣಿ ನುಣ್ಣಗಾಗಲಿ ಎಂದು ರುಬ್ಬಿದ್ದನ್ನು ತೆಳು ಬಟ್ಟೆಯಲ್ಲಿ ಸೋಸಿ ಚರಟವನ್ನು ದನದ ಬಾನಿಗೆ ಹಾಕುವಲ್ಲಿ. ರಾಗಿಯ ಕ್ಯಾಲ್ಸಿಯಂ ಹೆಚ್ಚಿರುವುದು ಆ ಸಿಪ್ಪೆಯಲ್ಲೇ. ಆಕಳು ಗಟ್ಟಿಯಾಗುತ್ತದೆ, ಮಗು ಅಲ್ಲ. ವರ್ಷ ದಾಟಿದ ಮಗುವಿಗೆ ಹಿಟ್ಟಿನ ಅಂಬಲಿಯನ್ನೇ ಕೊಡಿ.

ಸೊಪ್ಪಿನಲ್ಲಿ ನುಗ್ಗೆ ಮೇಲು. ಪಾಲಕ್ಕಿನಲ್ಲಿ ಕ್ಯಾಲ್ಸಿಯಂ ಇದ್ದರೂ ಅದರಲ್ಲೇ ಇರುವ ಆಕ್ಸಲೇಟ್ ಎಂಬ ಅಂಶ ಅದನ್ನು ಕಟ್ಟಿಹಾಕುತ್ತದೆ. ಮೈಗೆ ಸೇರುವುದು ನೂರಕ್ಕೆ ಐದರಷ್ಟು, ಹಾಲಿನದು ಮೂವತ್ತರಷ್ಟು. ಹರಿವೆ, ಬಸಳೆಯನ್ನು ರುಚಿಗೆ ತಿನ್ನಿ, ಈ ಲೆಕ್ಕಕ್ಕೆ ಹಿಡಿಯಬೇಡಿ.

ಈಗ ಕೂಡಿಸಿ: ರಾಗಿ 60 ಗ್ರಾಂ 220, ನುಗ್ಗೆಸೊಪ್ಪು 50 ಗ್ರಾಂ 155, ಎಳ್ಳು 15 ಗ್ರಾಂ 190, ಹುರುಳಿ 30 ಗ್ರಾಂ 80. ಒಟ್ಟು 645. ಇಷ್ಟು ಶ್ರದ್ಧೆಯಿಂದ ತಿಂದರೂ ಸಾವಿರಕ್ಕೆ 350 ಕಡಿಮೆ! ಅದಕ್ಕೇ ಹೇಳುವುದು, ಲೆಕ್ಕ ಹಾಕಿ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರು ಗಟ್ಟಿ ಮೊಸರು ತಿಂದು ನೋಡಿ, ಅದರಲ್ಲಿ ಲ್ಯಾಕ್ಟೋಸ್, ಅಂದರೆ ಹಾಲಿನ ಸಕ್ಕರೆ ಕಡಿಮೆ, ಕ್ಯಾಲ್ಸಿಯಂ ಹಾಗೇ ಇರುತ್ತದೆ. ಕರಾವಳಿಯವರಿಗೆ ನೆತ್ತಲಿ ಇದೆ, ಒಣ ಸಿಗಡಿ ಇದೆ. ಆದರೆ ಮುಳ್ಳು ಸಮೇತ ಅಗಿಯುವ ಮೀನಿಗೆ ಮಾತ್ರ ಈ ಲೆಕ್ಕ. ಬಂಗಡೆಯ ಮುಳ್ಳು ಬಿಡಿಸಿ ತಿಂದರೆ ಕ್ಯಾಲ್ಸಿಯಂ ತಟ್ಟೆಯ ಅಂಚಿನಲ್ಲೇ ಉಳಿಯಿತು. ಒಣಮೀನಿನ ಉಪ್ಪು ತೊಳೆದು ಬಳಸಿ, ಉಪ್ಪು ಹೆಚ್ಚಾದಷ್ಟೂ ಮೂತ್ರದಲ್ಲಿ ಕ್ಯಾಲ್ಸಿಯಂ ಸೋರುತ್ತದೆ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ, ಬೇಗ ಬೇಗ ಹೇಳುತ್ತೇನೆ. ಎಲೆಗೆ ಹಚ್ಚುವ ಸುಣ್ಣ ಕ್ಯಾಲ್ಸಿಯಂ ಅಲ್ಲವೇ ಎಂದು ಯಾರೋ ಬರೆದು ಕೇಳಿದ್ದಾರೆ. ಹೌದು, ಆದರೆ ಅಡಿಕೆ-ತಂಬಾಕಿನ ಜೊತೆ ಅದು ಬಾಯಿ ಕ್ಯಾನ್ಸರಿನ ದಾರಿ. ಅಡಿಕೆ ಸೀಮೆಯಲ್ಲಿ ನಿಂತೇ ಇದನ್ನು ಹೇಳಬೇಕು. ಬಿಸಿಲು: ನಿಮ್ಮ ನೆರಳು ನಿಮಗಿಂತ ಗಿಡ್ಡ ಇರುವ ಹೊತ್ತಿನ ಬಿಸಿಲು ಮೈಗೆ ಬಿದ್ದರೆ ಡಿ ವಿಟಮಿನ್ ತಯಾರಾಗುತ್ತದೆ, ತೋಟದ ನೆರಳಿನಲ್ಲಿ ಸಾಲದು. ಇನ್ನು ಸೆಪ್ಟೆಂಬರ್ ತನಕ ಮೋಡ, ಬಿಸಿಲು ಬಿದ್ದ ದಿನ ಬಿಡಬೇಡಿ.

ರಕ್ತದ ಕ್ಯಾಲ್ಸಿಯಂ ಸರಿ ಇದೆ ಎಂದರೆ ಮೂಳೆ ಸರಿ ಇದೆ ಎಂದಲ್ಲ. ಮೂಳೆ ನಮ್ಮ ಕಣಜ. ರಕ್ತಕ್ಕೆ ಕಡಿಮೆಯಾದರೆ ಮೈ ಅಲ್ಲಿಂದಲೇ ತೆಗೆದುಕೊಳ್ಳುತ್ತದೆ. ಸವೆತ ತಿಳಿಯಲು ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಪರೀಕ್ಷೆ ಬೇಕು. ಕೊನೆಯದಾಗಿ ಗರ್ಭಿಣಿಯರು: 14ನೇ ವಾರದಿಂದ ಕೊಡುವ ಕ್ಯಾಲ್ಸಿಯಂ ಮಾತ್ರೆ ದಿನಕ್ಕೆ ಎರಡು, ಊಟದ ಜೊತೆ ಒಂದೊಂದೇ, ಎರಡನ್ನೂ ಒಟ್ಟಿಗೆ ನುಂಗಬೇಡಿ. ಕಬ್ಬಿಣಾಂಶದ ಮಾತ್ರೆಗೂ ಅದಕ್ಕೂ ಎರಡು ತಾಸು ಅಂತರ ಇರಲಿ, ಥೈರಾಯ್ಡ್ ಮಾತ್ರೆಗಾದರೆ ನಾಲ್ಕು ತಾಸು. ಹೆರಿಗೆಯಾದ ಮೇಲೂ ಆರು ತಿಂಗಳು ನಿಲ್ಲಿಸಬೇಡಿ.