ಕೆಂಪು ಹಸಿರು ತಿಳಿಯದ ನಾಯಿ ರಸ್ತೆ ದಾಟಿಸುವುದು ಹೇಗೆ?

[ದೃಶ್ಯ: ಗಿಜಿಗುಡುವ ವೃತ್ತ. ಹಾರ್ನೆಸ್ (ಮೈಗೆ ಬಿಗಿದ, ಹಿಡಿಕೆಯಿರುವ ಪಟ್ಟಿ) ತೊಟ್ಟ ನಾಯಿ, ಅದರ ಹಿಡಿಕೆಯನ್ನು ಹಿಡಿದು ನಿಂತ ಮಹಿಳೆ.]

ನಮಸ್ಕಾರ. ವೀಕ್ಷಕರೊಬ್ಬರು ಕೇಳಿದ್ದರು: "ಕಣ್ಣು ಕಾಣದವರನ್ನು ರಸ್ತೆ ದಾಟಿಸುವ ನಾಯಿಗೆ ಸಿಗ್ನಲ್ ಹಸಿರಾಯಿತೆಂದು ಹೇಗೆ ತಿಳಿಯುತ್ತದೆ?" ಎರಡು ಸಾಲಿನಲ್ಲಿ ಉತ್ತರಿಸಿ ಮುಗಿಸೋಣವೆಂದು ಕುಳಿತೆ. ಇಡೀ ವಿಡಿಯೋ ಆಯಿತು. ಏಕೆಂದರೆ ಉತ್ತರ ಇಷ್ಟೇ: ತಿಳಿಯುವುದೇ ಇಲ್ಲ.

ಮೊದಲ ಪಾಠವನ್ನು ಓಡುತ್ತಲೇ ಮುಗಿಸುತ್ತೇನೆ. ಅಂಗವೈಕಲ್ಯವಿರುವ ಒಬ್ಬರಿಗಾಗಿ ನಿರ್ದಿಷ್ಟ ಕೆಲಸ ಕಲಿತ ನಾಯಿಯೇ ಸೇವಾ ನಾಯಿ. ಕಣ್ಣು ಕಾಣದವರಿಗೆ ದಾರಿ, ಕಿವಿ ಕೇಳದವರಿಗೆ ಸದ್ದಿನ ಸುಳಿವು, ಮಧುಮೇಹಿಗಳಿಗೆ ರಕ್ತದ ಸಕ್ಕರೆ ಕುಸಿಯುವ ಮುನ್ನೆಚ್ಚರಿಕೆ. ದಾರಿ ತೋರುವ ನಾಯಿಗಳಿಗಾಗಿ 1916ರಲ್ಲಿ ಜರ್ಮನಿಯ ಓಲ್ಡೆನ್‌ಬರ್ಗ್‌ನಲ್ಲಿ ಶಾಲೆ ತೆರೆದರು, ಯುದ್ಧದಲ್ಲಿ ದೃಷ್ಟಿ ಕಳೆದುಕೊಂಡ ಸೈನಿಕರಿಗಾಗಿ. ಮುಂದಕ್ಕೆ ಹೋಗೋಣ.

ಬಣ್ಣ ಗುರುತಿಸಲು ನಮ್ಮ ಕಣ್ಣಿನಲ್ಲಿ ಮೂರು ಬಗೆಯ ಕೋಶಗಳಿವೆ, ನಾಯಿಗೆ ಎರಡೇ. ನೀಲಿ, ಹಳದಿ ಅದಕ್ಕೆ ಗೊತ್ತು; ಕೆಂಪು ಯಾವುದು, ಹಸಿರು ಯಾವುದು ಎಂದು ಬೇರ್ಪಡಿಸಲಾರದು. ಹಾಗಾದರೆ ದಾಟುವ ಗಳಿಗೆಯನ್ನು ನಿರ್ಧರಿಸುವವರು ಯಾರು? ಮನುಷ್ಯರೇ. ಕಿವಿಯಿಂದ. ಪಕ್ಕದ ಸಾಲಿನ ವಾಹನಗಳು ಹೊರಟ ಸದ್ದು, ಎದುರು ಅಡ್ಡಹಾಯುತ್ತಿದ್ದವು ನಿಂತ ಸದ್ದು, ಇವೆರಡನ್ನೂ ಆಲಿಸಿ "ಮುಂದೆ ನಡೆ" ಎನ್ನುತ್ತಾರೆ. ಊರಿನ ನಕ್ಷೆ ಇರುವುದೂ ಅವರ ತಲೆಯಲ್ಲೇ. "ಬ್ಯಾಂಕಿಗೆ ಕರೆದುಕೊಂಡು ಹೋಗು" ಎಂದರೆ ನಾಯಿ ಹೊರಟುಬಿಡುತ್ತದೆ ಎಂದು ನಾನೂ ನಂಬಿದ್ದೆ. ನಗಬೇಡಿ.

ಮತ್ತೆ ನಾಯಿ ಯಾಕೆ ಬೇಕು? ಬೇಡ ಎನ್ನುವುದಕ್ಕೆ!

[ದೃಶ್ಯ: ಸದ್ದಿಲ್ಲದೆ ತಿರುವಿನಲ್ಲಿ ಬರುವ ವಿದ್ಯುತ್ ಕಾರು. ನಾಯಿ ಕದಲುವುದಿಲ್ಲ.]

"ಮುಂದೆ ನಡೆ" ಎಂದಾಗ ಕಾರು ಬರುತ್ತಿದ್ದರೆ ನಾಯಿ ನಡೆಯಬಾರದು. ತರಬೇತುದಾರರು ಇದನ್ನು ಜಾಣ ಅವಿಧೇಯತೆ ಎನ್ನುತ್ತಾರೆ. ಕಲಿಸುವ ಬಗೆಯನ್ನು ನೋಡಿ. ತಿಂಗಳುಗಟ್ಟಲೆ ಹೇಳಿದ ಮಾತು ಕೇಳುವುದನ್ನು ರೂಢಿ ಮಾಡಿಸುತ್ತಾರೆ. ಅದು ರಕ್ತಗತವಾಯಿತು ಎನ್ನುವಷ್ಟರಲ್ಲಿ, ಸಿಬ್ಬಂದಿಯೊಬ್ಬರು ಬೇಕೆಂದೇ ಕಾರನ್ನು ಅಡ್ಡ ತರುತ್ತಾರೆ. ಅದೇ ಕ್ಷಣಕ್ಕೆ "ನಡೆ" ಎಂಬ ಆಜ್ಞೆ. ನಿಂತರೆ ಮೈದಡವಿ ಶಭಾಷ್‌ಗಿರಿ. ಹೌದಪ್ಪಗಳಿಗೆ ಈ ಕೆಲಸವಿಲ್ಲ. ಒಡೆಯನ ಮಾತನ್ನು ಒಂಬತ್ತು ಸಲ ಪಾಲಿಸಿ, ಒಡೆಯ ಹಳ್ಳಕ್ಕೆ ಬೀಳಲಿರುವ ಹತ್ತನೆಯ ಸಲ ಮಾತ್ರ ಅಲುಗಾಡದೆ ನಿಲ್ಲುವ ಮಂತ್ರಿ ಯಾವ ಆಸ್ಥಾನದಲ್ಲಿದ್ದಾನೆ ಹೇಳಿ. ಎಷ್ಟೋ ಕಚೇರಿಗಳಿಗೂ ಇಂತಹ ಒಬ್ಬರು ಬೇಕು. ಆ ವಿಷಯ ಬೆಳೆಸಿದರೆ ನನ್ನ ಕೆಲಸ ಹೋದೀತು.

1928ರಲ್ಲಿ ಮಾರಿಸ್ ಫ್ರಾಂಕ್ ಎಂಬ ದೃಷ್ಟಿಹೀನ ಅಮೆರಿಕನ್ ಯುವಕ, ಸ್ವಿಟ್ಜರ್ಲೆಂಡಿನಲ್ಲಿ ತರಬೇತಾದ ಹೆಣ್ಣುನಾಯಿಯೊಂದಿಗೆ ನ್ಯೂಯಾರ್ಕಿಗೆ ಬಂದಿಳಿದರು. ಅದರ ಹೆಸರು ಬಡ್ಡಿ. ಸಾಲಕ್ಕೂ ಅದಕ್ಕೂ ಸಂಬಂಧವಿಲ್ಲ. ಪತ್ರಕರ್ತರ ಕಣ್ಣೆದುರೇ ಇಬ್ಬರೂ ವಾಹನಗಳು ಭೋರ್ಗರೆಯುವ ವೆಸ್ಟ್ ಸ್ಟ್ರೀಟ್ ದಾಟಿದರು. ಆಮೇಲೆ ಅವರು ಕಳುಹಿಸಿದ ಟೆಲಿಗ್ರಾಮಿನಲ್ಲಿ ಇದ್ದುದು ಒಂದೇ ಪದ: "ಯಶಸ್ಸು." ಮರುವರ್ಷ ಅಮೆರಿಕದಲ್ಲಿ 'ದಿ ಸೀಯಿಂಗ್ ಐ' ಶಾಲೆ ಶುರುವಾಯಿತು.

ಜನಸಂದಣಿಯಲ್ಲಿ ಇನ್ನೊಂದು ಕಷ್ಟವಿದೆ. ನಾಯಿಯ ಎತ್ತರ ಸುಮಾರು ಎರಡಡಿ. ಬಾಗಿದ ಕೊಂಬೆ, ಇಳಿಬಿದ್ದ ಫಲಕ, ಅರ್ಧ ಎಳೆದ ಶಟರ್ ಇವು ಯಾವುವೂ ಅದಕ್ಕೆ ಅಡ್ಡಿಯಲ್ಲ, ಕೆಳಗಿನಿಂದ ನಿರಾಯಾಸವಾಗಿ ನುಸುಳಬಹುದು. ಆದರೂ ಪಕ್ಕದಲ್ಲಿರುವವರ ಹಣೆ ಎಲ್ಲಿದೆ ಎಂದು ಲೆಕ್ಕ ಹಾಕಿ ಸುತ್ತಿಬಳಸಿ ನಡೆಯುತ್ತದೆ. ತನಗಿಲ್ಲದ ದೇಹದ ಅಳತೆಯನ್ನು ಹೊತ್ತು ತಿರುಗುವ ಪ್ರಾಣಿ! ಇದನ್ನು ಓದಿದ ದಿನ ನಾನು ಬೇರೇನೂ ಓದಲಿಲ್ಲ.

ಅಯ್ಯೋ, ಸಮಯ ಮೀರುತ್ತಿದೆ; ಉಳಿದದ್ದನ್ನು ಒಂದೇ ಉಸಿರಿಗೆ ಹೇಳುತ್ತೇನೆ. ಎಸ್ಕಲೇಟರಿನ ತುದಿಯ ಹಲ್ಲುಗಳಿಗೆ ಪಂಜ ಸಿಕ್ಕಿಕೊಳ್ಳಬಹುದು, ಹಾಗಾಗಿ ಲಿಫ್ಟ್ ಅಥವಾ ಮೆಟ್ಟಿಲು ಲೇಸು. ಹೋಟೆಲಿನಲ್ಲಿ ಅದರ ಜಾಗ ಮೇಜಿನ ಕೆಳಗೆ, ಬಾಲ ಯಾರ ಕಾಲಿಗೂ ಸಿಗದಂತೆ. ಬಿಸಿಲಿಗೆ ಕಾದ ಡಾಂಬರು ಪಾದ ಸುಡುತ್ತದೆ. ಕೆಲಸದಲ್ಲಿರುವಾಗ ಮುಟ್ಟಬೇಡಿ, ಕರೆಯಬೇಡಿ, ತಿಂಡಿ ತೋರಿಸಬೇಡಿ. ನೀವು "ಛೂ ಛೂ" ಎಂದ ಆ ಒಂದು ಕ್ಷಣದಲ್ಲಿ ಅದು ಮೆಟ್ಟಿಲನ್ನೇ ಮರೆತರೆ ಬೀಳುವವರು ನೀವಲ್ಲ. ನೆರವಾಗಬೇಕೆನಿಸಿದರೆ ಮನುಷ್ಯರನ್ನೇ ಕೇಳಿ, ಹಾರ್ನೆಸ್‌ಗೆ ಕೈ ಹಾಕಬೇಡಿ.

ಸೇವಾ ನಾಯಿಯನ್ನು ಅಂಗಡಿ, ಹೋಟೆಲುಗಳ ಒಳಗೆ ಬಿಡಬೇಕೇ ಎಂಬ ಕಾನೂನು ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದಲ್ಲಿ, ನಾಯಿಯ ಕೆಲಸ ನೋಡಿದೊಡನೆ ತಿಳಿಯದಿದ್ದರೆ ಅಂಗಡಿಯವರು ಎರಡೇ ಪ್ರಶ್ನೆ ಕೇಳಬಹುದು: ಅಂಗವೈಕಲ್ಯದ ಕಾರಣಕ್ಕೆ ಈ ನಾಯಿ ಬೇಕೇ, ಇದು ಯಾವ ಕೆಲಸ ಕಲಿತಿದೆ? ಕಾಗದಪತ್ರ ಕೇಳುವಂತಿಲ್ಲ. ನಾಯಿ ಹತೋಟಿಗೆ ಬರದಿದ್ದರೆ ಹೊರಗೆ ಕಳುಹಿಸಬಹುದು. ಅಂದ ಹಾಗೆ, 2011ರಲ್ಲಿ ಜಾರಿಗೆ ಬಂದ ಅಲ್ಲಿನ ನಿಯಮದಲ್ಲಿ ತರಬೇತಾದ ಕಿರುತಳಿ ಕುದುರೆಗೂ ಅವಕಾಶವಿದೆ.

ಹೌದು, ಕುದುರೆ. ಅದು ಮೇಜಿನ ಕೆಳಗೆ ಹೇಗೆ ಮಲಗುತ್ತದೆ ಎಂದು ಈಗಲೇ ಕೇಳಬೇಡಿ, ಇನ್ನೊಂದು ವಿಡಿಯೋ ಆಗುತ್ತದೆ.