ಸಕಲೇಶಪುರದ ಮಳೆ, ಹಾಸನದ ಗಡಿಯಾರ

ಕೇಳುಗರೇ, ನಮಸ್ಕಾರ.

ನಮ್ಮೂರ ಹಾಸನಾಂಬೆ ಗುಡಿಯ ಬಾಗಿಲು ವರ್ಷಕ್ಕೊಮ್ಮೆ ತೆರೆಯುತ್ತದೆ. ನಮ್ಮ ನಡುಮನೆಯಲ್ಲಿ, ಹೊಲಿಗೆ ಯಂತ್ರದ ಪಕ್ಕದಲ್ಲಿ ಒಂದು ಹಳೇ ಕಂಪ್ಯೂಟರ್ ಇದೆ. ಅದರ ಬಾಗಿಲನ್ನು ವರ್ಷಕ್ಕೊಮ್ಮೆಯೂ ಮುಚ್ಚುವ ಹಾಗಿಲ್ಲ. ಮುಚ್ಚಿದರೆ ಐದು ನಿಮಿಷದಲ್ಲಿ ಫೋನ್ ಬರುತ್ತದೆ: "ಏನ್ರೀ, ನನ್ನ ಮಂತ್ರಿ ಎಲ್ಲಿ ಹೋದ?"

ಅದು ಚದುರಂಗದ ಸರ್ವರ್. ನಮ್ಮ ಬೀದಿಯವರು, ಬೇಲೂರಿನ ಇಬ್ಬರು, ಸಕಲೇಶಪುರದ ಆಚೆ ಕಾಫಿ ತೋಟವೊಂದರ ರೈಟರು, ಒಬ್ಬ ನಿವೃತ್ತ ಮೇಷ್ಟ್ರು, ಎಲ್ಲ ಸೇರಿ ಮೂವತ್ತು ಜನ ಅದರಲ್ಲಿ ಆಡುತ್ತಾರೆ. "ಲಿಚೆಸ್ ಇದೆಯಲ್ಲ, ಪುಕ್ಕಟೆ. ನಿನಗೇಕೆ ಈ ಉಸಾಬರಿ?" ಎಂದು ಕೇಳಿದವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಫ್ರಾನ್ಸಿನ ತಿಬೋ ಡುಪ್ಲೆಸಿ 2010ರಲ್ಲಿ ಶುರುಮಾಡಿದ ಲಿಚೆಸ್ ಎಂಬ ಚದುರಂಗದ ಜಾಲತಾಣದಲ್ಲಿ ಜಾಹೀರಾತಿಲ್ಲ, ಶುಲ್ಕವಿಲ್ಲ, ಅದರ ಕೋಡ್ ಕೂಡ ಯಾರು ಬೇಕಾದರೂ ಓದಬಹುದು. ಆದರೆ ಆಷಾಢದ ಮಳೆ ಹಿಡಿದು ಎಲ್ಲೋ ಮರ ಬಿದ್ದು ಕೇಬಲ್ ತುಂಡಾದರೆ ಇಂಟರ್ನೆಟ್ ಇಲ್ಲ, ಲಿಚೆಸ್ ಕೂಡ ಇಲ್ಲ. ಸರ್ವರ್ ಮನೆಯಲ್ಲೇ ಇದ್ದರೆ ವೈಫೈ ಹಿಡಿಯುವಷ್ಟು ದೂರದವರಾದರೂ ಆಡಿಕೊಂಡಿರಬಹುದು. ನನಗಿದ್ದ ನೆಪ ಅಷ್ಟೇ. ಉಳಿದದ್ದು ಹುಚ್ಚು.

ಚದುರಂಗದ ನಿಯಮಗಳನ್ನು ಕಂಪ್ಯೂಟರಿಗೆ ಕಲಿಸುವುದೇ ಕಷ್ಟ ಅಂದುಕೊಂಡಿದ್ದೆ. ಅದನ್ನು ಪರೀಕ್ಷಿಸಲು ಒಂದು ಲೆಕ್ಕವಿದೆ. ಆಟ ಶುರುವಾದಾಗ ಬಿಳಿಯವರಿಗೆ 20 ನಡೆಗಳು ಸಾಧ್ಯ. ಎದುರಾಳಿಯ ಉತ್ತರವೂ ಸೇರಿದರೆ 400 ದಾರಿ. ಮೂರನೇ ನಡೆಗೆ 8,902. ನಾಲ್ಕಕ್ಕೆ 1,97,281. ಅಲ್ಲಿಯವರೆಗೆ ನನ್ನದು ಒಂದೂ ತಪ್ಪದೆ ತಾಳೆಯಾಯಿತು. ಹೆಂಡತಿಯನ್ನು ಕರೆದು ತೋರಿಸಿದ್ದೂ ಆಯಿತು. ಐದಕ್ಕೆ 48,65,609 ಬರಬೇಕು. ನನ್ನದರಲ್ಲಿ ಸರಿಯಾಗಿ 258 ಕಡಿಮೆ. ಎರಡು ರಾತ್ರಿ ಹುಡುಕಿದೆ. ಎರಡು ಮನೆ ಹಾರಿ ಪಕ್ಕಕ್ಕೆ ಬಂದು ನಿಂತ ಪದಾತಿಯನ್ನು, ಒಂದೇ ಮನೆ ನಡೆದಿದ್ದರೆ ಹೇಗೆ ಹೊಡೆಯಬಹುದಿತ್ತೋ ಹಾಗೆ ಹೊಡೆಯುವ ನಿಯಮವಿದೆಯಲ್ಲ, ಆಂಪಾಸಾಂ, ಅದನ್ನೇ ಬರೆದಿರಲಿಲ್ಲ. ಮರೆತದ್ದಕ್ಕೂ ಕಾರಣವುಂಟು. ನಮ್ಮಜ್ಜ ಕಲಿಸಿದ ಚದುರಂಗದಲ್ಲಿ ಪದಾತಿ ಎರಡು ಮನೆ ಹಾರುತ್ತಲೇ ಇರಲಿಲ್ಲ; ಒಂದೊಂದೇ ಮನೆ. ಹಾರದ ಪದಾತಿಯನ್ನು ಹಾಗೆ ಹೊಡೆಯುವುದೆಲ್ಲಿ ಬಂತು! ಆಮೇಲೆ ಸ್ವಂತದ್ದನ್ನು ಬದಿಗಿಟ್ಟು, ಬೇರೆಯವರು ಬರೆದು ಪಳಗಿಸಿದ ಕೋಡನ್ನೇ ತಂದು ಹಾಕಿದೆ.

ನಿಯಮದ ತಲೆನೋವು ಅಲ್ಲಿಗೆ ಮುಗಿಯಿತು. ಗಡಿಯಾರದ್ದು ಇವತ್ತಿಗೂ ಮುಗಿದಿಲ್ಲ.

ಎದುರೆದುರು ಕೂತು ಆಡುವಾಗ ಗಡಿಯಾರ ಮೇಜಿನ ಮೇಲೆ ಇಬ್ಬರ ಕಣ್ಣಮುಂದೆ ಇರುತ್ತದೆ. ಸರ್ವರಿನಲ್ಲಿ ಹಾಗಲ್ಲ. ನಿಮ್ಮ ಮೊಬೈಲಿನಲ್ಲಿ ಓಡುವ ಗಡಿಯಾರ ಬರೀ ಚಿತ್ರ. ಅಸಲಿ ಗಡಿಯಾರ ಸರ್ವರಿನ ಒಳಗಿದೆ. ನಿಮ್ಮ ನಡೆ ಅಲ್ಲಿಗೆ ತಲುಪಿದ ಮೇಲೇ ನಿಮ್ಮ ಸಮಯ ನಿಲ್ಲುವುದು. ಇದನ್ನು ನನಗೆ ಬಿಡಿಸಿ ಹೇಳಿದವರು ತೋಟದ ರೈಟರು, ಸ್ವಲ್ಪ ಗಟ್ಟಿ ದನಿಯಲ್ಲೇ. ಅವರ ತೋಟದಲ್ಲಿ ಸಿಗ್ನಲ್ ಸಿಗುವುದು ಕಣದ ಮೂಲೆಯ ಒಂದು ಕಲ್ಲಿನ ಮೇಲೆ ನಿಂತರೆ ಮಾತ್ರ. ಅದೂ ಒಂದು ಕಡ್ಡಿ. ಪ್ರತಿ ನಡೆ ನನ್ನ ನಡುಮನೆಗೆ ಬಂದು ಮುಟ್ಟುವಾಗ ಅರ್ಧ ಸೆಕೆಂಡು ದಾರಿಖರ್ಚು. ಮೂರು ನಿಮಿಷದ ಆಟದಲ್ಲಿ ಅರವತ್ತು ನಡೆಯಾದರೆ ಮೂವತ್ತು ಸೆಕೆಂಡು, ಅಂದರೆ ಆರರಲ್ಲಿ ಒಂದು ಪಾಲು ದಾರಿಯಲ್ಲೇ ಹೋಯಿತು. "ನಾನು ಮೇಷ್ಟ್ರ ಹತ್ರ ಸೋತಿಲ್ಲ ಸ್ವಾಮಿ, ಟವರ್ ಹತ್ರ ಸೋತಿದ್ದೀನಿ" ಅಂದರು.

ದಾರಿಯಲ್ಲಿ ಕಳೆದ ಹೊತ್ತನ್ನು ಆಟಗಾರನಿಗೆ ವಾಪಸ್ ಕೊಡುವ ಪದ್ಧತಿ ದೊಡ್ಡ ಸರ್ವರುಗಳಲ್ಲಿದೆ. ಕೊಡದೆ ವಿಧಿಯಿಲ್ಲ. ಬೆಳಕು ಗಾಜಿನ ಎಳೆಯೊಳಗೆ ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಓಡುತ್ತದೆ. ಹಾಸನದಿಂದ ಯುರೋಪಿಗೆ ಹೋಗಿ ಬರಲು ಹದಿನೈದು ಸಾವಿರ ಕಿಲೋಮೀಟರ್ ಅಂದರೂ ಸೆಕೆಂಡಿನ ಹದಿಮೂರನೇ ಒಂದು ಭಾಗ ಬೇಕೇ ಬೇಕು. ಯಾವ ಕಂಪನಿಯ ಎಷ್ಟು ದುಬಾರಿ ಪ್ಲಾನ್ ಹಾಕಿಸಿದರೂ ಅದಕ್ಕಿಂತ ಬೇಗ ಆಗುವುದಿಲ್ಲ. ಆದರೆ ಕೇಳಿದಷ್ಟೂ ವಾಪಸ್ ಕೊಟ್ಟರೆ ಇನ್ನೊಂದು ಕಷ್ಟ: "ನಂದು ದಾರಿಯಲ್ಲೇ ಹತ್ತು ಸೆಕೆಂಡ್ ಹೋಯ್ತು" ಎಂದು ಸುಳ್ಳು ಲೆಕ್ಕ ಬರೆಯುವ ಪ್ರೋಗ್ರಾಮನ್ನು ಯಾರಾದರೂ ಮಾಡಿಕೊಳ್ಳಬಹುದು. ಅದಕ್ಕೆ ಒಂದು ನಡೆಗೆ ಅರ್ಧ ಸೆಕೆಂಡಿಗಿಂತ ಹೆಚ್ಚು ಇಲ್ಲ ಎಂದು ಕಟ್ಟುಮಾಡಿದೆ. ರೈಟರು ಒಪ್ಪಿದರು. ಮೇಷ್ಟ್ರು ಮಾತ್ರ ಇದನ್ನು ಈಗಲೂ ಸಬ್ಸಿಡಿ ಅನ್ನುತ್ತಾರೆ.

ಇನ್ನೊಂದು ಪ್ರಸಂಗ, ನನ್ನದೇ ತಪ್ಪು. ಒಂದು ಸಂಜೆ ಗುಡುಗಿಗೆ ಕರೆಂಟ್ ಹೋಯಿತು, ಯುಪಿಎಸ್ ಕೀ ಕೀ ಅಂದು ಅದೂ ಮಲಗಿತು. ಕರೆಂಟ್ ಬಂದಾಗ ಕಂಪ್ಯೂಟರ್ ತಾನಾಗಿ ಎದ್ದಿತು. ಮೋಡೆಮ್ ಇನ್ನೂ ಕೆಂಪು ದೀಪ ಮಿಣುಕಿಸುತ್ತಿತ್ತು. ಮೇಷ್ಟ್ರು ನಮ್ಮ ಜಗುಲಿಯಲ್ಲೇ ಕೂತಿದ್ದರು. ಪಕ್ಕದ ಮನೆ ಹುಡುಗನ ಜೊತೆ ವೈಫೈನಲ್ಲೇ ಹತ್ತು ನಿಮಿಷದ ಆಟ ಶುರುಮಾಡಿದರು. ಏಳನೇ ನಡೆಗೆ ಆನೆ ಎತ್ತಲೋ ಕುದುರೆ ಎತ್ತಲೋ ಎಂದು ಯೋಚಿಸುತ್ತಿರುವಾಗ ಮೋಡೆಮ್ಮಿನ ದೀಪ ಹಸಿರಾಯಿತು, ಮೇಷ್ಟ್ರ ಸಮಯ ಸೊನ್ನೆಯಾಯಿತು. ಸೋತಿರಿ ಎಂದು ಪರದೆ ಹೇಳಿತು. ಆದದ್ದಿಷ್ಟು: ಕಂಪ್ಯೂಟರಿನ ಒಳಗೆ, ಕರೆಂಟ್ ಇಲ್ಲದಾಗ ತಾರೀಖು ನೆನಪಿಡಲು ರೂಪಾಯಿ ಬಿಲ್ಲೆಯಂಥ ಒಂದು ಸೆಲ್ ಇರುತ್ತದೆ. ಅದು ಸತ್ತಿತ್ತು. ಯಂತ್ರ ಎಷ್ಟೋ ವರ್ಷ ಹಿಂದಿನ ತಾರೀಖಿನಲ್ಲಿ ಎದ್ದಿತ್ತು. ಇಂಟರ್ನೆಟ್ ಬಂದ ಕೂಡಲೇ ಸರಿಯಾದ ತಾರೀಖು ಕೇಳಿಕೊಂಡು ಒಂದೇ ಸಲಕ್ಕೆ ಮುಂದಕ್ಕೆ ಹಾರಿತು. ನನ್ನ ಸರ್ವರಿನ ಪ್ರಕಾರ ಮೇಷ್ಟ್ರು ಆ ಒಂದು ನಡೆಗೆ ಹನ್ನೊಂದು ವರ್ಷ ಯೋಚಿಸಿದ್ದರು.

"ನೋಡಪ್ಪಾ," ಅಂದರು, "ಸರ್ವಿಸಿನಲ್ಲಿದ್ದಾಗಲೂ ನನ್ನ ಫೈಲ್ ಇಷ್ಟು ಹೊತ್ತು ಕೂತಿರಲಿಲ್ಲ."

ಈಗ ಆಟಕ್ಕೆ ಗೋಡೆ ಗಡಿಯಾರದಂಥ ತಾರೀಖು-ಗಂಟೆ ಬಳಸುವುದಿಲ್ಲ. ಕಂಪ್ಯೂಟರ್ ಎದ್ದ ಗಳಿಗೆಯಿಂದ ಎಣಿಸುತ್ತಾ ಹೋಗುವ, ಯಾರೂ ಹಿಂದೆ ಮುಂದೆ ತಿರುಗಿಸಲಾಗದ ಇನ್ನೊಂದು ಎಣಿಕೆ ಅದರೊಳಗೇ ಇದೆ. ಅದನ್ನೇ ಹಿಡಿದಿದ್ದೇನೆ. ಪ್ರತಿ ನಡೆಯನ್ನೂ ಮೊದಲು ಡಿಸ್ಕಿಗೆ ಬರೆದು, ಆಮೇಲೆ ಎದುರಾಳಿಗೆ ತೋರಿಸುತ್ತದೆ. ಕರೆಂಟ್ ಹೋಗಿ ಬಂದರೂ ಆಟ ನಿಂತಲ್ಲಿಂದಲೇ ಎದ್ದೇಳುತ್ತದೆ. ಕತ್ತಲಲ್ಲಿ ಕಳೆದ ಹೊತ್ತು ಯಾರ ಖಾತೆಗೂ ಇಲ್ಲ. ಸೆಲ್ ಕೂಡ ಬದಲಾಯಿಸಿದೆ ಅನ್ನಿ.

ಕಳ್ಳಾಟ ಇಲ್ಲವೇ ಎಂದು ಕೇಳುತ್ತೀರಿ. 2008ರಲ್ಲಿ ಮೊದಲು ಬಂದ ಸ್ಟಾಕ್‌ಫಿಶ್ ಎಂಬ ಪ್ರೋಗ್ರಾಮ್ ಈಗ ಸಾಮಾನ್ಯ ಮೊಬೈಲಿನಲ್ಲೂ ಓಡುತ್ತದೆ, ವಿಶ್ವ ಚಾಂಪಿಯನ್‌ನನ್ನೂ ಸೋಲಿಸುತ್ತದೆ. ನಮ್ಮಲ್ಲೂ ಒಬ್ಬ ಹುಡುಗ ಇದ್ದಕ್ಕಿದ್ದಂತೆ ಎಲ್ಲರನ್ನೂ ಗೆಲ್ಲತೊಡಗಿದ. ಸಿಕ್ಕಿಬಿದ್ದದ್ದು ಗಡಿಯಾರದಿಂದಲೇ. ಎದುರಿಗೆ ಬಿಟ್ಟಿ ಬಿದ್ದ ಆನೆ ಹೊಡೆಯಲೂ ಆರು ಸೆಕೆಂಡು, ತಲೆ ಕೆಡಿಸುವ ನಡೆಗೂ ಆರೇ ಸೆಕೆಂಡು. ಮನುಷ್ಯ ಹಾಗೆ ಯೋಚಿಸುವುದಿಲ್ಲ. ಮನೆಗೆ ಕರೆದು, ಕೋಡುಬಳೆ ಕೊಟ್ಟು, ಮರದ ಹಲಗೆಯ ಮೇಲೆ ಎರಡು ಆಟ ಆಡಿಸಿದೆ. ಮುಂದೆ ನಾನೇನೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಈಗ ನ್ಯಾಯವಾಗಿ ಸೋಲುತ್ತಿದ್ದಾನೆ.

ಯಾರ ಆಟ ಎಷ್ಟು ಗಟ್ಟಿ ಎಂದು ಅಳೆಯುವ ಅಂಕದ ಲೆಕ್ಕಕ್ಕೆ ಗ್ಲಿಕೋ-2 ಎಂಬ ಪದ್ಧತಿ ಇಟ್ಟಿದ್ದೇನೆ, ಮಾರ್ಕ್ ಗ್ಲಿಕ್‌ಮನ್ ಮಾಡಿದ್ದು. ಹೊಸಬರಿಗೆಲ್ಲ 1500. ಇದರಲ್ಲಿ ನನಗೆ ಹಿಡಿಸಿದ್ದು, ಬಹಳ ದಿನ ಆಡದೆ ಹೋದವರ ಅಂಕವನ್ನು ಇದು ಕಡಿಮೆ ಮಾಡುವುದಿಲ್ಲ. ಅವರ ಅಂಕದ ಮೇಲಿನ ತನ್ನ ಭರವಸೆಯನ್ನಷ್ಟೇ ಕಡಿಮೆ ಮಾಡಿಕೊಳ್ಳುತ್ತದೆ. ಮಳೆಗಾಲದಲ್ಲಿ ವಾರಗಟ್ಟಲೆ ಮಾಯವಾಗುವ ರೈಟರಿಗೆ ಹೇಳಿ ಮಾಡಿಸಿದಂತಿದೆ.

ಮೂರು ನಿಮಿಷದ ಆಟ ಇಬ್ಬರಿಗೂ ಒಗ್ಗಲಿಲ್ಲವಾದ್ದರಿಂದ ಈಗ ರೈಟರು ಮತ್ತು ಮೇಷ್ಟ್ರು ಒಂದು ನಡೆಗೆ ಮೂರು ದಿನದ ಗಡುವಿನ ಆಟ ಹಿಡಿದಿದ್ದಾರೆ, ಹಿಂದೆ ಅಂಚೆ ಕಾರ್ಡಿನಲ್ಲಿ ಆಡುತ್ತಿದ್ದರಲ್ಲ, ಹಾಗೆ. ಹತ್ತೊಂಬತ್ತನೇ ನಡೆಯಲ್ಲಿದೆ. ಮೇಷ್ಟ್ರು ಒಂಟೆ ಎದುರಿಗಿಟ್ಟು ಕೂತಿದ್ದಾರೆ. ಘಟ್ಟದ ಕಡೆ ಗುರುವಾರದಿಂದ ಬಿಡದೆ ಸುರಿಯುತ್ತಿದೆ, ತೋಟದಿಂದ ಸುದ್ದಿಯಿಲ್ಲ. ನಾನು ಮನೆಯಿಂದ ಹೊರಡುವಾಗ ರೈಟರ ಗಡಿಯಾರದಲ್ಲಿ ಇನ್ನು ಒಂಬತ್ತು ಗಂಟೆ ಉಳಿದಿತ್ತು. ಮೇಷ್ಟ್ರು ಬೆಳಿಗ್ಗೆಯೇ ಬಂದು, "ಒಂದು ದಿನ ಸೇರಿಸಿಬಿಡಪ್ಪ, ಮಳೆ ಜೋರಿದೆ" ಅಂದರು. ಗಡುವು ಹೆಚ್ಚಿಸುವ ಗುಂಡಿಯನ್ನು ನಾನಿನ್ನೂ ಬರೆದಿಲ್ಲ. ಇಲ್ಲಿಂದ ಹೋದವನೇ ಅದಕ್ಕೆ ಕೂರಬೇಕು.

ನಮಸ್ಕಾರ.