ಎರಡು ನಿಮಿಷದ ಆಟ: ಟೋನಿ ಹಾಕ್ ಸರಣಿಯ ಏಳುಬೀಳು

ಕೇಳುಗರಿಗೆ ನಮಸ್ಕಾರ.

1999ರ ಜೂನ್ ಕೊನೆಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಡೆದ ಎಕ್ಸ್ ಗೇಮ್ಸ್ ಎಂಬ ಸಾಹಸ ಕ್ರೀಡೆಗಳ ಕೂಟದಲ್ಲಿ ಟೋನಿ ಹಾಕ್ ಎಂಬ ಅಮೆರಿಕದ ಸ್ಕೇಟ್‌ಬೋರ್ಡ್ ಆಟಗಾರರು, ಮತ್ತೆ ಮತ್ತೆ ಬಿದ್ದೆದ್ದ ಮೇಲೆ, ಗಾಳಿಯಲ್ಲಿ ಎರಡೂವರೆ ಸುತ್ತು ತಿರುಗಿ ಹಲಗೆಯ ಮೇಲೆಯೇ ಇಳಿದು ನಿಂತರು. ಅವರ ಹೆಸರು ಹೊತ್ತ ವಿಡಿಯೋ ಗೇಮ್ ಪ್ಲೇಸ್ಟೇಷನ್‌ಗೆ ಬಂದದ್ದು ಅದೇ ವರ್ಷ. ತಯಾರಿಸಿದ್ದು ಕ್ಯಾಲಿಫೋರ್ನಿಯಾದ ನೆವರ್‌ಸಾಫ್ಟ್ ಎಂಬ ಸಣ್ಣ ತಂಡ, ಪ್ರಕಟಿಸಿದ್ದು ಆಕ್ಟಿವಿಷನ್. ಬ್ರೂಸ್ ವಿಲ್ಲಿಸ್ ನಟಿಸಿದ್ದ ತಮ್ಮದೇ ಹಿಂದಿನ ಆಟವೊಂದರ ತಂತ್ರಾಂಶವನ್ನು ಬಳಸಿಕೊಂಡದ್ದರಿಂದ, ಮೊದಲ ಮಾದರಿಯಲ್ಲಿ ಹಲಗೆಯೇರಿ ಓಡಾಡಿದ್ದು ಆ ನಟನ ಆಕೃತಿಯೇ ಆಗಿತ್ತು.

ಆಟದ ಚೌಕಟ್ಟು ಬಹಳ ಸರಳ. ಒಂದು ಗೋದಾಮು ಅಥವಾ ಶಾಲೆಯ ಆವರಣ, ಕೈಯಲ್ಲಿ ಎರಡೇ ನಿಮಿಷ. ಗುಂಡಿಯೊತ್ತಿ ಹಿಡಿದರೆ ಪರದೆಯ ಮೇಲಿನ ಆಟಗಾರ ಮೊಣಕಾಲು ಬಗ್ಗಿಸಿ ಕುಗ್ಗುತ್ತಾನೆ, ಬಿಟ್ಟರೆ ಜಿಗಿಯುತ್ತಾನೆ. ಕಂಬಿಯ ಬಳಿ ಇನ್ನೊಂದು ಗುಂಡಿಯೊತ್ತಿದರೆ ಅದರ ಮೇಲೆ ಜಾರುತ್ತಾನೆ. ಒಂದರ ಬೆನ್ನಿಗೊಂದು ಕೋದ ಕಸರತ್ತುಗಳ ಅಂಕಗಳು ಮೊದಲು ಕೂಡುತ್ತವೆ, ಆಮೇಲೆ ಕಸರತ್ತುಗಳ ಸಂಖ್ಯೆಯಿಂದ ಗುಣಿತವಾಗುತ್ತವೆ; ಕೊನೆಯಲ್ಲಿ ಬಿದ್ದರೆ ಎಲ್ಲವೂ ಸೊನ್ನೆ. ಇಷ್ಟಕ್ಕೇ ನಿಲ್ಲಿಸಲೇ, ಇನ್ನೊಂದನ್ನು ಸೇರಿಸಲೇ ಎಂಬ ತೀರ್ಮಾನವನ್ನು ಬೆರಳುಗಳೇ ಕ್ಷಣಾರ್ಧದಲ್ಲಿ ಕೈಗೊಳ್ಳಬೇಕು. ಈ ಸರಣಿಯ ಜೀವಾಳ ಇರುವುದು ಆ ಆಸೆ ಮತ್ತು ಭಯದ ನಡುವೆಯೇ ಎಂದು ನಾನು ದೃಢವಾಗಿ ನಂಬುತ್ತೇನೆ.

2000ದಲ್ಲಿ ಬಂದ ಎರಡನೆಯ ಭಾಗ, ಹಲಗೆಯ ಎರಡೇ ಚಕ್ರಗಳ ಮೇಲೆ ತೂಗಿ ಸಾಗುವ ಮ್ಯಾನುಯಲ್ ಎಂಬ ಚಲನೆಯನ್ನು ಸೇರಿಸಿತು. ಸಮತಟ್ಟಾದ ನೆಲದಲ್ಲಿ ಕಡಿದುಹೋಗುತ್ತಿದ್ದ ಸರಪಳಿ ಇದರಿಂದ ಮುಂದುವರಿಯುವಂತಾಯಿತು. ಮರುವರ್ಷದ ಮೂರನೆಯ ಭಾಗದಲ್ಲಿ ಬಂದ ರಿವರ್ಟ್, ಅಂದರೆ ಇಳಿದ ಕ್ಷಣವೇ ಹಲಗೆಯನ್ನು ನೆಲದ ಮೇಲೆ ತಿರುಗಿಸುವ ಚಲನೆ, ಇಳಿಜಾರಿನಿಂದ ಇಳಿದ ಮೇಲೂ ಆ ಸರಪಳಿಯನ್ನು ಉಳಿಸಿತು. ಇವೆರಡೂ ಸೇರಿದಾಗ ಆಟದ ವ್ಯಾಕರಣ ಪೂರ್ಣವಾಯಿತು.

ತೊಡಕು ಶುರುವಾದದ್ದೂ ಅಲ್ಲಿಂದಲೇ. ಪೂರ್ಣವಾದದ್ದಕ್ಕೆ ಪ್ರತಿ ವರ್ಷ ಏನನ್ನಾದರೂ ಸೇರಿಸಲೇಬೇಕಾಯಿತು. 2003ರ ಅಂಡರ್‌ಗ್ರೌಂಡ್ ಎಂಬ ಭಾಗದಲ್ಲಿ ಹಲಗೆಯಿಂದಿಳಿದು ನಡೆಯುವ ಅವಕಾಶ ಬಂತು, ಕಥೆಯೂ ಬಂತು, ಮತ್ತು ಆ ಕಥೆ ಚೆನ್ನಾಗಿಯೇ ಇತ್ತು. ಆದರೆ ಅದರ ನಂತರದ ಭಾಗಗಳಲ್ಲಿ ಹೊಸತನಕ್ಕಿಂತ ಗದ್ದಲವೇ ಹೆಚ್ಚಾಯಿತು. 2007ರಲ್ಲಿ ಇಲೆಕ್ಟ್ರಾನಿಕ್ ಆರ್ಟ್ಸ್‌ನ ಸ್ಕೇಟ್ ಎಂಬ ಆಟ, ಗುಂಡಿಗಳ ಬದಲು ನಿಯಂತ್ರಕದ ಬಲಬದಿಯ ಪುಟ್ಟ ಕಡ್ಡಿಯನ್ನು ಕಾಲಿನಂತೆ ಚಿಮ್ಮಿಸುವ ವಿಧಾನವನ್ನು ತಂದಾಗ, ಒಂದೇ ಜಿಗಿತವನ್ನು ಅಂದವಾಗಿ ಮಾಡುವ ಸುಖವನ್ನು ಜನ ಕಂಡುಕೊಂಡರು. ಅಷ್ಟರಲ್ಲಿ ನೆವರ್‌ಸಾಫ್ಟ್ ಗಿಟಾರ್ ಹೀರೋ ಎಂಬ ಸಂಗೀತದ ಆಟಗಳ ಸರಣಿಯತ್ತ ಹೊರಳಿತ್ತು.

2009ರಲ್ಲಿ ರೋಬೊಮೋಡೊ ಎಂಬ ಬೇರೆ ತಂಡ ತಯಾರಿಸಿದ ಇದೇ ಸರಣಿಯ ರೈಡ್, ಚಕ್ರವಿಲ್ಲದ ಪ್ಲಾಸ್ಟಿಕ್ ಹಲಗೆಯೊಂದಿಗೆ ಸುಮಾರು 120 ಡಾಲರ್ ಬೆಲೆಗೆ ಬಂತು. ಅದರ ಮೇಲೆ ನಿಂತು ವಾಲಬೇಕು, ಬಾಗಬೇಕು. ಅದರ ಸಂವೇದಕಗಳು ದೇಹದ ಚಲನೆಯನ್ನು ಸರಿಯಾಗಿ ಗ್ರಹಿಸುತ್ತಿರಲಿಲ್ಲ. ಹತ್ತು ವರ್ಷ ಬೆರಳುಗಳಲ್ಲಿ ಬೆಳೆದ ಕೌಶಲವನ್ನು ಆ ಹಲಗೆ ಒಂದೇಟಿಗೆ ನಿರುಪಯುಕ್ತಗೊಳಿಸಿತು ಎಂಬುದೇ ನನ್ನ ದೊಡ್ಡ ಆಕ್ಷೇಪ. 2015ರ ಐದನೆಯ ಭಾಗವಂತೂ ಅವಸರದ ಕೂಸು: ಬಿಡುಗಡೆಯ ದಿನವೇ ಇಳಿಸಿಕೊಳ್ಳಬೇಕಾಗಿದ್ದ ತಿದ್ದುಪಡಿಯ ಕಡತ ಡಿಸ್ಕ್‌ನಲ್ಲಿದ್ದ ಆಟಕ್ಕಿಂತ ದೊಡ್ಡದಾಗಿತ್ತು.

2020ರಲ್ಲಿ ವಿಕೇರಿಯಸ್ ವಿಷನ್ಸ್ ತಂಡ ಮೊದಲೆರಡು ಭಾಗಗಳನ್ನು ಹೊಸದಾಗಿ ಕಟ್ಟಿಕೊಟ್ಟಾಗ ಹಳೆಯ ಆಟಗಾರರು ಮನಸಾರೆ ಮರಳಿದರು. ಆದರೆ ಸ್ವಲ್ಪ ಕಾಲದಲ್ಲೇ ಆ ತಂಡ ಆಕ್ಟಿವಿಷನ್ ಬಳಗದ್ದೇ ಆದ ಬ್ಲಿಝಾರ್ಡ್ ಎಂಬ ಕಂಪನಿಯಲ್ಲಿ ವಿಲೀನವಾಯಿತು. ಮೂರು ಮತ್ತು ನಾಲ್ಕನೆಯ ಭಾಗಗಳ ಮರುರೂಪ 2025ರ ಜುಲೈನಲ್ಲಿ ಐರನ್ ಗ್ಯಾಲಕ್ಸಿ ತಂಡದಿಂದ ಬಂತು. ಮೂಲದ ನಾಲ್ಕನೆಯ ಭಾಗ ಎರಡು ನಿಮಿಷದ ಗಡಿಯಾರವನ್ನು ಕೈಬಿಟ್ಟು, ಬಡಾವಣೆಯಲ್ಲಿ ನಿಂತವರನ್ನು ಮಾತನಾಡಿಸಿ ಸವಾಲು ಪಡೆಯುವ ಬಿಡುವನ್ನು ಕೊಟ್ಟಿತ್ತು; ಮರುರೂಪದಲ್ಲಿ ಅಲ್ಲಿಗೂ ಗಡಿಯಾರವನ್ನು ತರಲಾಗಿದೆ. ಎರಡು ನಿಮಿಷದ ಬಿಗಿಯನ್ನು ಇಷ್ಟು ಮೆಚ್ಚುವ ನನಗೂ ಇದು ಸರಿಯೆನಿಸುವುದಿಲ್ಲ, ಏಕೆಂದರೆ ಆ ಬಿಡುವು ಸರಣಿ ತಾನಾಗಿಯೇ ಬೆಳೆದು ತಲುಪಿದ್ದ ಕೊನೆಯ ಹೊಸ ಜಾಗವಾಗಿತ್ತು.